ನೀರು ತಾಕಬಾರದ ಕಲ್ಗಿ

ದೋಲೇ ರಾಮ ಜನ್ಮದಲ್ಲಿ ಕೋಳಿ ತಿಂದವನಲ್ಲ. ಆದರೂ ಅವನ ಮನೆಯ ಹಿಂದಿನ ಗೂಡಿನಲ್ಲಿ ವರ್ಷವಿಡೀ ಕರಿ ಹುಂಜಗಳು ಕೂಗುತ್ತಿದ್ದವು. ಶೀಲ್‌ಧಾರ್ ಊರಿನ ಜನ ಅದನ್ನು ಯಾವುದೋ ಹಳೆಯ ಹರಕೆ ಎಂದುಕೊಂಡು ಸುಮ್ಮನಿದ್ದರು. ಕಾರಣ ಗೊತ್ತಾಗದ ಯಾವುದನ್ನೇ ಆಗಲಿ ದೇವತೆಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ನಮ್ಮ ಕಣಿವೆಯವರ ಚಾಳಿ. ಆ ಹುಂಜಗಳ ಬಾಲದ ಗರಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಅದು ಹೋಗುತ್ತಿದ್ದದ್ದು ಮದುಮಕ್ಕಳ ತಲೆಯ ಮೇಲಕ್ಕೆ.

ನಮ್ಮಲ್ಲಿ ಮದುಮಗನ ಟೋಪಿಗೆ ಕಲ್ಗಿ ಸಿಕ್ಕಿಸದೆ ದಿಬ್ಬಣ ಹೊರಡುವುದಿಲ್ಲ. ಕಲ್ಗಿ ಎಂದರೆ ಗಂಡು ಮುನಾಲ ಹಕ್ಕಿಯ ಜುಟ್ಟು. ತಂತಿಯಂಥ ಸಣ್ಣ ಕಡ್ಡಿಗಳು, ತುದಿಗೆ ಚಮಚದ ಆಕಾರದ ಎಸಳು, ಬಿಸಿಲಿಗೆ ಹಿಡಿದರೆ ಹಸಿರೋ ನೀಲಿಯೋ ತಾಮ್ರವೋ ಹೇಳಲಾಗದ ಬಣ್ಣ. ಒಂದು ಜುಟ್ಟಿಗೆ ಒಂದು ಹಕ್ಕಿ ಸಾಯಬೇಕು, ದಟ್ಟವಾಗಿ ಕಾಣಬೇಕೆಂದರೆ ಇನ್ನೂ ಹೆಚ್ಚು. ಸರ್ಕಾರ ಬೇಟೆ ನಿಲ್ಲಿಸಿ ಎಷ್ಟೋ ಕಾಲವಾಯಿತು. ಜುಟ್ಟು ಮನೆಯಲ್ಲಿ ಸಿಕ್ಕರೂ ಜೈಲು. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕೆನ್ನುವ ಜನ ಎಲ್ಲ ಕಡೆ ಇರುತ್ತಾರೆ, ನಮ್ಮಲ್ಲಿ ಸ್ವಲ್ಪ ಹೆಚ್ಚೇ ಇದ್ದಾರೆ. ಕಲ್ಗಿ ಇಲ್ಲದೆ ಮಗನ ಮದುವೆ ಮಾಡಿದವನನ್ನು ಅವನ ಮೊಮ್ಮಕ್ಕಳ ಮದುವೆಯಲ್ಲೂ ಆಡಿಕೊಳ್ಳುತ್ತಾರೆ. ಹಾಗಾಗಿ ದೋಲೇ ರಾಮನ ಹತ್ತಿರ ಅಸಲಿ ಕಲ್ಗಿ ಬಾಡಿಗೆಗೆ ಸಿಗುತ್ತದೆ ಎಂಬ ಗುಟ್ಟು ಬಂಜಾರ್ ಪೇಟೆಯಿಂದ ಹಿಡಿದು ಮೇಲಿನ ಕುರಿಗಾಹಿಗಳ ಹಟ್ಟಿಯವರೆಗೆ ಎಲ್ಲರಿಗೂ ಗೊತ್ತಿತ್ತು.

ಅವನ ಅಪ್ಪ ನಿಜವಾದ ಬೇಟೆಗಾರ. ಚಳಿಗಾಲದಲ್ಲಿ ಹಿಮ ಬಿದ್ದು ಮುನಾಲಗಳು ಕೆಳಗಿನ ಓಕ್ ಕಾಡಿಗೆ ಇಳಿದಾಗ ಉರುಲು ಹಾಕುತ್ತಿದ್ದ. ದೋಲೇ ರಾಮ ಹುಡುಗನಾಗಿದ್ದಾಗಿನಿಂದ ಜೊತೆಗೆ ಹೋಗುತ್ತಿದ್ದ. ಮಾಘಿಯ ಜೊತೆ ಅವನ ಮದುವೆ ನಿಶ್ಚಯವಾದ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದ, ಹಾಗಾಗಿ ತಾನೇ ಉರುಲು ಹಾಕಿದ. ಬೆಳಿಗ್ಗೆ ಹೋಗಿ ನೋಡಿದರೆ ಗಂಡು ಮುನಾಲವೊಂದು ಕಾಲು ಸಿಕ್ಕಿಸಿಕೊಂಡು ಹಿಮವನ್ನೆಲ್ಲ ರೆಕ್ಕೆಯಿಂದ ಗುಡಿಸಿ ಹಾಕಿತ್ತು. ಕುತ್ತಿಗೆ ತಿರುವಿದ. ಅವನಿಗೆ ಆವತ್ತು ಪಾಪವೆನಿಸಲಿಲ್ಲ, ಹೆಮ್ಮೆಯೆನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆ ಜುಟ್ಟನ್ನೇ ತಲೆಗೆ ಸಿಕ್ಕಿಸಿಕೊಂಡು ಹೋಗಿ ಮಾಘಿಯನ್ನು ಮನೆ ತುಂಬಿಸಿಕೊಂಡ.

ಆಮೇಲೆ ಕಾನೂನು ಬಿಗಿಯಾಯಿತು, ಹಕ್ಕಿಯೂ ಕಮ್ಮಿಯಾಯಿತು. ಅಪ್ಪ ತೀರಿಕೊಂಡ. ಅಪ್ಪ ಬಿಟ್ಟುಹೋದ ಕಲ್ಗಿಗಳಿಗೆ ಹುಳ ಬಿತ್ತು. ಗಿರಾಕಿಗಳು ಮಾತ್ರ ಹಳೆಯ ನಂಬಿಕೆಯ ಮೇಲೆ ಬಂದು ಬಾಗಿಲು ತಟ್ಟುತ್ತಲೇ ಇದ್ದರು. ಇಲ್ಲ ಎಂದರೆ ಹೊಟ್ಟೆಪಾಡು ಹೋಯಿತು. ಕಾಡಿಗೆ ಹೋದರೆ ಜೈಲು. ಕೂತು ಯೋಚಿಸುತ್ತಿರುವಾಗ ಅಂಗಳದಲ್ಲಿ ಪಕ್ಕದ ಮನೆಯ ಕರಿ ಹುಂಜ ಬಿಸಿಲಿಗೆ ಬಂದು ನಿಂತಿತು. ಅದರ ಬಾಲ ಹಸಿರಾಗಿ ಹೊಳೆಯಿತು.

ಬಾಲದ ಗರಿಯ ಎಳೆಗಳನ್ನು ಕಿತ್ತು ಕಡ್ಡಿ ಬೋಳಿಸಿ, ತುದಿಯಲ್ಲಷ್ಟೇ ಚೂರು ಬಿಟ್ಟು ಕತ್ತರಿಯಲ್ಲಿ ಚಮಚದ ಆಕಾರಕ್ಕೆ ತಂದ. ಶಾಲು ನೇಯುವವರ ಹತ್ತಿರ ಉಣ್ಣೆಯ ಬಣ್ಣ ತಂದು ಗೋಂದಿಗೆ ಕಲಸಿ ಹಚ್ಚಿದ. ತನ್ನ ಮದುವೆಯ ಅಸಲಿ ಕಲ್ಗಿಯನ್ನು ಎದುರಿಗಿಟ್ಟುಕೊಂಡು, ಅದರ ಬಾಗು, ಅದರ ನಡುಕ ಬರುವ ತನಕ ಮಾಡಿದ್ದನ್ನು ಕಿತ್ತು ಕಿತ್ತು ಮತ್ತೆ ಕಟ್ಟಿದ. ಮೊದಲ ಕಲ್ಗಿ ಕೊಟ್ಟು ಕಳಿಸಿದ ದಿನ ಅವನಿಗೆ ಅನ್ನ ಇಳಿಯಲಿಲ್ಲ. ಗಿರಾಕಿ ಹಿಂದಿರುಗಿ ಬಂದವನು ಕೈ ಮುಗಿದು, “ಇಂಥ ಮಾಲು ನಿನ್ನಪ್ಪನ ಕಾಲದಲ್ಲೂ ಇರ್ಲಿಲ್ಲ ಕಣೋ” ಎಂದ. ಅಲ್ಲಿಗೆ ಹೆದರಿಕೆ ಹೋಯಿತು. ಅಂದಿನಿಂದ ಅವನು ಕಣಿವೆಗೆಲ್ಲ ಟೋಪಿ ಹಾಕುತ್ತಾ ಬಂದ.

ಒಂದೇ ತೊಡಕು ಎಂದರೆ ನೀರು. ಬಣ್ಣ ಬಿಡುತ್ತಿತ್ತು. ನಮ್ಮ ಬೆಟ್ಟಗಳಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಅದಕ್ಕೆ ದೋಲೇ ರಾಮ ಒಂದು ಪದ್ಧತಿಯನ್ನೇ ಹುಟ್ಟಿಸಿದ. ಕಲ್ಗಿ ಕೊಡುವಾಗ ದನಿ ತಗ್ಗಿಸಿ ಹೇಳುತ್ತಿದ್ದ: “ನೀರು ತಾಕಬಾರ್ದು. ತಾಕಿದ್ರೆ ಹಕ್ಕಿಯ ಶಾಪ ತಟ್ಟುತ್ತೆ, ಹುಡುಗಿ ಬಸುರಾಗಲ್ಲ.” ಇಷ್ಟು ಸಾಕಾಯಿತು. ಈಗ ನಮ್ಮಲ್ಲಿ ಬಿಸಿಲಿರಲಿ ಮೋಡವಿರಲಿ ಮದುಮಗನ ಸೋದರಮಾವ ಕೊಡೆ ಬಿಚ್ಚಿ ಹಿಡಿದೇ ದಿಬ್ಬಣದ ಜೊತೆ ನಡೆಯುವುದು. ಕೇಳಿದರೆ ಪಾಂಡವರು ಇತ್ತ ಬಂದಾಗ ಹಾಕಿಕೊಟ್ಟ ಪದ್ಧತಿ ಎನ್ನುತ್ತಾರೆ.

ಗುಟ್ಟು ತಿಳಿದವಳು ಮಾಘಿ ಒಬ್ಬಳೇ. “ಹಿಮದಲ್ಲೇ ಹುಟ್ಟಿ ಹಿಮದಲ್ಲೇ ಬೆಳೆಯೋ ಹಕ್ಕಿ. ಅದರ ಜುಟ್ಟಿಗೆ ನಾಲ್ಕು ಹನಿ ನೀರು ಆಗಲ್ವಂತೆ! ಈ ಊರಲ್ಲಿ ಯಾರಿಗಾದ್ರೂ ತಲೆ ಅನ್ನೋದಿದೆಯಾ, ಇಲ್ಲಾ ಬರೀ ಟೋಪೀನಾ?” ಎಂದು ಒಲೆಯ ಮುಂದೆ ನಗುತ್ತಿದ್ದಳು.

“ಸುಮ್ನಿರೇ. ಅವರಿಗೆ ತಲೆ ಇದ್ದಿದ್ರೆ ನಮಗೆ ಊಟ ಎಲ್ಲಿರ್ತಿತ್ತು?”

“ಒಂದಿನ ಯಾರಾದ್ರೂ ನೀರಿಗೆ ಅದ್ದಿ ನೋಡ್ತಾರೆ ಬಿಮ್ಲನಪ್ಪಾ. ಆವತ್ತು ನಾನು ತವರಿಗೆ ಹೋಗಿರ್ತೀನಿ, ಹೇಳಿರ್ತೀನಿ.”

ಬಿಮ್ಲಾ ಅವರ ಮಗಳು, ಮದುವೆಯಾಗಿ ಸೈಂಜ್ ಕಡೆ ಇದ್ದಳು. ಅವಳ ಗಂಡನ ತಲೆಯ ಮೇಲೂ ಹುಂಜದ ಗರಿಯೇ ಕುಣಿದಿತ್ತು. ಅಸಲಿ ಎಂದು ಮನೆಯಲ್ಲಿ ಉಳಿದದ್ದು ದೋಲೇ ರಾಮನ ಸ್ವಂತ ಕಲ್ಗಿ ಮಾತ್ರ. ಅದನ್ನು ಅವನು ಬಾಡಿಗೆಗೆ ಕೊಡುತ್ತಿರಲಿಲ್ಲ. ಪ್ರತಿ ಮದುವೆಗೂ ತಾನೇ ಹಾಕಿಕೊಂಡು ಹೋಗುತ್ತಿದ್ದ. ವ್ಯಾಪಾರದ ಯುಕ್ತಿ ಅದು. ಅಸಲಿಯನ್ನು ಕಣ್ಣೆದುರು ಕಂಡವನಿಗೆ ಪಕ್ಕದಲ್ಲಿರುವ ನಕಲಿಯ ಮೇಲೆ ಅನುಮಾನ ಬರುವುದಿಲ್ಲ. ಇನ್ನೊಂದು ಸಮಾಧಾನವನ್ನೂ ಅವನು ಮನಸ್ಸಿಗೆ ಹೇಳಿಕೊಂಡಿದ್ದ: ನಾನು ಕೊಡುವ ಒಂದೊಂದು ನಕಲಿಗೂ ಕಾಡಿನಲ್ಲಿ ಒಂದೊಂದು ಹಕ್ಕಿ ಬದುಕಿಕೊಳ್ಳುತ್ತದೆ. ವಸಂತದಲ್ಲಿ ಮೇಲಿನ ಬಂಡೆಗಳ ಕಡೆಯಿಂದ ಮುನಾಲದ ಸಿಳ್ಳೆ ಕೇಳಿದರೆ ಅವನು ಅದನ್ನು ತನ್ನ ಪುಣ್ಯದ ಖಾತೆಗೆ ಸೇರಿಸಿಕೊಳ್ಳುತ್ತಿದ್ದ.

ಹೀಗಿರುವಾಗ ನೋಕ್ ಸಿಂಗನ ಮಗನ ಮದುವೆ ಬಂತು. ನೋಕ್ ಸಿಂಗ್ ಊರಿನ ಹಿಂದಿನ ಪ್ರಧಾನ. ಅಧಿಕಾರ ಹೋದರೂ ಗತ್ತು ಹೋಗಿರಲಿಲ್ಲ. ಮಗ ಖೇಮ್ ರಾಜ್ ಸೇಬಿನ ಲಾರಿ ಓಡಿಸುವ ಮೆತ್ತನೆಯ ಹುಡುಗ. ಕಲ್ಗಿ ಗಿಲ್ಗಿ ಏನೂ ಬೇಡ ಎಂದು ಅವನು ಅಂದಿದ್ದ. ಅಪ್ಪ ಕೇಳಬೇಕಲ್ಲ. ಮದುಮಗನಿಗಷ್ಟೇ ಅಲ್ಲ, ದಿಬ್ಬಣದ ಹತ್ತಿರದ ಗಂಡಸರಿಗೆಲ್ಲ ಕಲ್ಗಿ ಬೇಕೆಂದು ಪಟ್ಟು ಹಿಡಿದ. “ನದಿ ಆಚೆ ಬೀಗರು ನೋಡಿ ಕಣ್ಣು ಕುಕ್ಕಿಸ್ಕೋಬೇಕು ದೋಲೂ. ಅಸಲಿ ಮಾಲು. ಒಂದಾದ್ರೂ ಮಸುಕಾಗಿದ್ರೆ ನಿನ್ನ ಚರ್ಮ ಸುಲೀತೀನಿ” ಎಂದ. ದೋಲೇ ರಾಮ ಚಳಿಗಾಲವೆಲ್ಲ ಕೂತು ಕಟ್ಟಿದ. ಗೂಡಿನ ಹುಂಜಗಳು ಬಾಲ ಬೋಳಾಗಿ ನಾಚಿಕೊಂಡು ತಿರುಗಿದವು.

ಮದುವೆಯ ದಿನ ಸೇಬಿನ ಮರಗಳು ಹೂ ಬಿಟ್ಟಿದ್ದವು. ನೋಕ್ ಸಿಂಗನ ಅಂಗಳದಲ್ಲಿ ತುಪ್ಪ ಸುರಿದ ಸಿಡ್ಡು ಕಡುಬು ತಿಂದು, ಲುಗಡಿ ಹೆಂಡ ಕುಡಿದು ಜನ ರಂಗೇರಿದ್ದರು. ಢೋಲು ನಗಾರಿ ಶುರುವಾಗಿ, ಕರ್ನಾಲ ಊದುವವರು ತಮ್ಮ ಉದ್ದ ತುತ್ತೂರಿಗೆ ಬಾಯಿಟ್ಟಿದ್ದರು. ಬಾಗಿಲಲ್ಲಿ ಶಕುನಕ್ಕೆಂದು ನೀರು ತುಂಬಿದ ತಾಮ್ರದ ಗಡಿಗೆ ಇಟ್ಟಿದ್ದರು. ಬಿಳಿ ಉಣ್ಣೆಯ ನಿಲುವಂಗಿ ತೊಟ್ಟು ಖೇಮ್ ರಾಜ್ ಹೊಸ್ತಿಲು ದಾಟುತ್ತಿದ್ದ ಹಾಗೆ, ಮಾವ ಕೊಡೆ ಬಿಚ್ಚುತ್ತಿದ್ದ ಹಾಗೆ, ಕೆಳಗಿನ ರಸ್ತೆಯಲ್ಲಿ ಕಾಡು ಇಲಾಖೆಯ ಜೀಪು ಬಂದು ನಿಂತಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಜಾದವರ ಹಿಂದೆ ನಿಂತಿದ್ದ ದೋಲೇ ರಾಮನ ಕೈ ತಾನಾಗಿ ತಲೆಯ ಮೇಲಿನ ಅಸಲಿ ಕಲ್ಗಿಗೆ ಹೋಯಿತು.

ರೇಂಜರ್ ಭಾಗ್ ಚಂದ್ ಮೆಟ್ಟಿಲು ಹತ್ತಿ ಬಂದ. ಬಂಜಾರ್ ಕಡೆಯವನೇ, ನಮ್ಮವನೇ. ಗಾರ್ಡುಗಳು ಅಂಗಳದ ಎರಡೂ ಬಾಯಿಗೆ ನಿಂತರು. “ಬಾಜಾ ನಿಲ್ಲಿಸಿ,” ಎಂದ. ನಿಂತಿತು. “ಕಲ್ಗಿ ಹಾಕ್ಕೊಂಡಿರೋರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಳ್ಳಿ. ಯಾರೂ ಕದಲೋ ಹಾಗಿಲ್ಲ.”

“ಸಾಬ್, ಇದು ಮದುವೆ!” ನೋಕ್ ಸಿಂಗ್ ಮುಂದೆ ಬಂದ. “ನದಿ ಆಚೆ ಹೆಣ್ಣಿನ ಕಡೆಯವರು ಕಾಯ್ತಿದ್ದಾರೆ. ಲಗ್ನ ಮೀರಿ ಹೋಗುತ್ತೆ.”

“ನನಗೂ ಮದುವೆ ಆಗಿದೆ ಪ್ರಧಾನ್‌ಜಿ. ಮದುವೆ ಅಂದ್ರೇನು ಅಂತ ಗೊತ್ತು. ಈ ಟೋಪಿಗಳೆಲ್ಲ ಮುಚ್ಚಿ ಮೊಹರು ಮಾಡಿ ಡೆಹ್ರಾಡೂನಿಗೆ ಪರೀಕ್ಷೆಗೆ ಹೋಗುತ್ತೆ. ವರದಿ ತಿಂಗಳಿಗೆ ಬರುತ್ತೋ ವರ್ಷಕ್ಕೆ ಬರುತ್ತೋ. ಅಲ್ಲಿವರೆಗೂ ಹಾಕ್ಕೊಂಡಿದ್ದೋರು ಒಳಗಿರ್ತಾರೆ. ಮದುಮಗ ಮೊದಲು.”

ಹೆಂಗಸರ ಗುಂಪಿನಲ್ಲಿ ಯಾರೋ ಅತ್ತರು. ರೇಂಜರ್ ಆ ಕಡೆ ನೋಡದೆ ಮಾತು ಮುಂದುವರಿಸಿದ. “ಹೋದ ವಾರ ಮೇಲಿನ ಕಾಡಲ್ಲಿ ಒಬ್ಬನ್ನ ಹಿಡಿದ್ವಿ. ಚೀಲದ ತುಂಬ ಮುನಾಲಗಳು, ಎಲ್ಲದರದ್ದೂ ಜುಟ್ಟು ಕುಯ್ದಿತ್ತು. ಯಾಕೋ ಹೀಗ್ಮಾಡ್ದೆ ಅಂದ್ರೆ ಏನಂದ ಗೊತ್ತಾ? ಶೀಲ್‌ಧಾರಿನವರು ಮದುವೆಗೊಂದು ರಾಶಿ ಅಸಲಿ ಕಲ್ಗಿ ಮೆರೆಸ್ತಾರೆ ಸಾಬ್, ಅವರಿಗೆ ಹಕ್ಕಿ ಸಿಗೋದಾದ್ರೆ ನಾನ್ಯಾಕೆ ಹೊಡೀಬಾರ್ದು ಅಂದ.”

ಈ ಮಾತು ದೋಲೇ ರಾಮನ ಎದೆಗೆ ನಾಟಿತು. ಇಷ್ಟು ಕಾಲ ಸೇರಿಸಿಟ್ಟಿದ್ದ ಪುಣ್ಯ ಒಂದೇ ಉಸಿರಿಗೆ ತಲೆಕೆಳಗಾಯಿತು. ಅವನು ಹಕ್ಕಿ ಉಳಿಸುತ್ತಿದ್ದೇನೆ ಎಂದುಕೊಂಡು ಊರಿಗೆಲ್ಲ ಅಸಲಿಯ ಹುಚ್ಚು ಹಿಡಿಸಿದ್ದ. ಆ ಹುಚ್ಚಿಗೆ ಬೇರೆ ಯಾರೋ ಕಾಡಿನಲ್ಲಿ ಕುತ್ತಿಗೆ ತಿರುವುತ್ತಿದ್ದರು.

ಪಕ್ಕಕ್ಕೆ ಮಾಘಿ ಬಂದು ನಿಂತಿದ್ದಳು. ತುಟಿ ಅಲುಗದ ಹಾಗೆ, “ತೆಗಿ. ಇತ್ಲಾಗೆ ಕೊಡು” ಎಂದಳು. ಗಾರ್ಡುಗಳು ಇನ್ನೂ ಮುಂದಿನ ಸಾಲಿನಲ್ಲಿದ್ದರು. ಅವನು ಟೋಪಿಯಿಂದ ಕಲ್ಗಿ ಕಿತ್ತ. ಅವಳು ಅದನ್ನು ತಾನು ಹೊದ್ದಿದ್ದ ಉಣ್ಣೆಯ ಪಟ್ಟುವಿನ ಮಡಿಕೆಯೊಳಗೆ, ಎದೆಯ ಹತ್ತಿರ ಇಳಿಸಿಕೊಂಡಳು. ದೊಡ್ಡ ಬೆಳ್ಳಿ ಪಿನ್ನು ಹಾಕಿ ಮುಚ್ಚಿದಳು. ಅಷ್ಟಕ್ಕೆ ದೋಲೇ ರಾಮ ಬಚಾವಾದ. ಇಡೀ ಅಂಗಳದಲ್ಲಿ ನಿಜವಾದ ಅಪರಾಧಿ ಅವನೊಬ್ಬ, ಅವನ ಮೇಲೆ ಮಾತ್ರ ಯಾವ ಸಾಕ್ಷಿಯೂ ಇರಲಿಲ್ಲ.

ಖೇಮ್ ರಾಜನ ಕೈಯಿಂದ ಟೋಪಿ ತೆಗೆದುಕೊಂಡು ಗಾರ್ಡೊಬ್ಬ ಅವನ ತೋಳು ಹಿಡಿದ. ಹುಡುಗ ಪ್ರತಿಭಟಿಸಲಿಲ್ಲ. ಮೆಟ್ಟಿಲು ಇಳಿಯುವಾಗ ಮದುವೆಯ ಹೊಸ ಜೋಡು ಜಾರಿ ಬಿದ್ದ, ಎದ್ದು ಬಟ್ಟೆ ಕೊಡವಿಕೊಂಡು ಮತ್ತೆ ನಡೆದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ದೋಲೇ ರಾಮ ನಿಂತಿದ್ದ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದರೆ ಹುಂಜದ ಗರಿಗಾಗಿ ಈ ಹುಡುಗ ವರದಿ ಬರುವ ತನಕ ಜೈಲಿನಲ್ಲಿ ಕೂರುತ್ತಾನೆ, ಮದುವೆ ಮುರಿಯುತ್ತದೆ. ಬಾಯಿ ಬಿಟ್ಟರೆ ತನ್ನ ಹೆಸರು ಮಣ್ಣು ಪಾಲಾಗುತ್ತದೆ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ನಕಲಿಯನ್ನು ಕಂಡುಹಿಡಿಯುವ ಉಪಾಯ ಒಮ್ಮೆ ತೋರಿಸಿಕೊಟ್ಟರೆ ಅದು ಸುತ್ತಿ ಬಂದು ತನ್ನ ಟೋಪಿಯನ್ನೇ ಕೇಳುತ್ತದೆ. ಮಾಘಿಗೆ ಅವನ ಉಸಿರಿನಲ್ಲೇ ಗೊತ್ತಾಯಿತು. ತೋಳು ಚಿವುಟಿದಳು. “ಬೇಡ ಬಿಮ್ಲನಪ್ಪಾ. ಬೇಡ.”

ಅವನು ಬಾಜಾದವರನ್ನು ಸರಿಸಿಕೊಂಡು ಮುಂದೆ ಹೋದ.

“ಸಾಬ್, ಹುಡುಗನ್ನ ಬಿಟ್ಬಿಡಿ. ಅದು ಮುನಾಲದ್ದಲ್ಲ.”

“ಮತ್ತೆ?”

“ಹುಂಜದ್ದು. ನಾನೇ ಮಾಡಿದ್ದು. ಇಲ್ಲಿರೋದೆಲ್ಲ ಹುಂಜದ್ದೇ.”

ನೋಕ್ ಸಿಂಗನ ಮುಖ ಕೆಂಪಾಯಿತು. “ಏ ದೋಲೂ, ಬಾಯಿಗೆ ಬಂದಂಗೆ ಒದರ್ಬೇಡ! ಸಾಬ್, ಇವನು ನಮ್ಮನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾನೆ. ನೋಕ್ ಸಿಂಗನ ಮನೇಲಿ ನಕಲಿ ಮಾಲೇ? ನಮ್ಮದು ಅಸಲಿ! ಒಂದೊಂದೂ ಅಪ್ಪಟ ಅಸಲಿ!”

ಗಾರ್ಡುಗಳು ಮುಖ ಮುಖ ನೋಡಿಕೊಂಡರು. ರೇಂಜರ್ ಜೇಬಿನಿಂದ ಪೆನ್ನು ತೆಗೆದ. ಕೆಳಗಿನ ಮೆಟ್ಟಿಲಿನಿಂದ ಮದುಮಗ ಕೂಗಿದ: “ಅಪ್ಪಾ, ದಮ್ಮಯ್ಯ, ಸ್ವಲ್ಪ ಬಾಯಿ ಮುಚ್ತೀಯಾ?”

“ನಂಬಬೇಡಿ ಸಾಬ್, ನನ್ನನ್ನೂ ನಂಬಬೇಡಿ, ಇವರನ್ನೂ ನಂಬಬೇಡಿ,” ಎಂದು ದೋಲೇ ರಾಮ ಗಾರ್ಡಿನ ಕೈಯಿಂದ ಮದುಮಗನ ಟೋಪಿ ಎಳೆದುಕೊಂಡ. ಕಲ್ಗಿ ಕಿತ್ತು ಬಾಗಿಲ ಗಡಿಗೆಯ ಕಡೆ ನಡೆದ. ಅವನು ಏನು ಮಾಡಹೊರಟಿದ್ದಾನೆಂದು ತಿಳಿದು ಹೆಂಗಸರು ಚೀರಿದರು. ಸೋದರಮಾವ ಬಿಚ್ಚಿದ ಕೊಡೆ ಹಿಡಿದೇ ಅಡ್ಡ ಬಂದ.

“ನೀರು ತಾಕಿಸ್ಬೇಡ ದೋಲೂ! ಮನೆ ಹಾಳಾಗುತ್ತೆ! ಪಾಂಡವರ ಕಾಲದಿಂದ ಬಂದ ಪದ್ಧತಿ!”

“ಪಾಂಡವರ ಹತ್ರ ಕೊಡೆ ಎಲ್ಲಿತ್ತೋ ಮಾಮಾ? ಆ ಪದ್ಧತಿ ಮಾಡಿದ್ದು ನಾನು. ಬಣ್ಣ ಬಿಡುತ್ತೆ ಅಂತ ಮಾಡ್ದೆ.”

ಗಡಿಗೆಗೆ ಅದ್ದಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ನೀರಿನೊಳಗೆ ಹಸಿರು ಹೊಗೆಯ ಹಾಗೆ ಬಿಚ್ಚಿಕೊಂಡಿತು, ಅದರ ಹಿಂದೆ ನೀಲಿ. ಅವನು ಮೇಲೆತ್ತಿದಾಗ ಕೈಯಲ್ಲಿದ್ದದ್ದು ಒದ್ದೆಯಾದ ಬಡಪಾಯಿ ಕೋಳಿ ಗರಿ. ದೋಲೇ ರಾಮ ತಲೆಯೆತ್ತಿ ಯಾರನ್ನೂ ನೋಡಲಾರದೆ ಹೋದ. ಅಲ್ಲಿದ್ದ ಗಂಡಸರಲ್ಲಿ ಅವನ ಗರಿ ಹೊತ್ತು ಮದುವೆಯಾಗದವರು ಇರಲಿಲ್ಲ ಎಂದರೂ ಸರಿ.

ರೇಂಜರ್ ಹತ್ತಿರ ಬಂದು ಗಡಿಗೆಯೊಳಗೆ ಬಗ್ಗಿ ನೋಡಿದ. ಆಮೇಲೆ ಪಿಸುದನಿಯಲ್ಲಿ ಕೇಳಿದ: “ಚಾಚಾ, ನನ್ನ ಮದುವೇಗೂ ನಿಮ್ಮ ಹತ್ರಾನೇ ತಗೊಂಡಿದ್ದೆ. ಆಗಿನ್ನೂ ನಂಗೆ ಈ ಕೆಲಸ ಸಿಕ್ಕಿರ್ಲಿಲ್ಲ.”

“ಗೊತ್ತು ಸಾಬ್.”

“ಅದು?”

“ಅದೂ ಹುಂಜದ್ದೇ.”

ಖಾಕಿ ತೊಟ್ಟ ದಿನದಿಂದ ಆ ಕಲ್ಗಿ ಸಿಕ್ಕಿಸಿಕೊಂಡ ಮದುವೆಯ ಫೋಟೋವನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು, ತಾನೂ ಒಬ್ಬ ಕಳ್ಳನೇ ಎಂದು ಒಳಗೊಳಗೇ ಕೊರಗುತ್ತ ಬದುಕಿದ್ದವನು ಭಾಗ್ ಚಂದ್. ಈಗ ಅವನಿಗೆ ನಗು ಬಂತೋ ಸಿಟ್ಟು ಬಂತೋ ಅವನಿಗೇ ತಿಳಿಯಲಿಲ್ಲ. “ಎಲ್ಲರೂ ಒಬ್ಬೊಬ್ಬರಾಗಿ ಅದ್ದಿ,” ಎಂದ.

ಸ್ವಲ್ಪ ಹೊತ್ತಿನ ಮುಂಚೆ ಎದೆಯುಬ್ಬಿಸಿ ನಿಂತಿದ್ದವರೇ ಈಗ ನಂದೂ ನಕಲಿ, ನಂದೂ ನಕಲಿ ಎಂದು ನೂಕಾಡಿಕೊಂಡು ಗಡಿಗೆಗೆ ಮುತ್ತಿದರು. ಬಣ್ಣ ಬೇಗ ಬಿಟ್ಟವನಿಗೆ ಹೆಚ್ಚು ಸಂತೋಷ. ಲುಗಡಿ ಕುಡಿದವನೊಬ್ಬ ಕಲ್ಗಿಯನ್ನು ಬಟ್ಟೆ ಒಗೆದಂತೆ ಕುಕ್ಕಿ ಕುಕ್ಕಿ ಒಗೆದ. ಜನ ನಗತೊಡಗಿದರು. ಗಡಿಗೆಯ ನೀರು ಹಳ್ಳದ ಪಾಚಿಯಂತಾಯಿತು. ನಗದೆ ಇದ್ದವರು ಇಬ್ಬರೇ, ದೋಲೇ ರಾಮ ಮತ್ತು ನೋಕ್ ಸಿಂಗ್. ನಾಲ್ಕು ಜನರ ಮುಂದೆ ಮಾನ ಹೋದವನಿಗೆ ಮಗ ಉಳಿದದ್ದೂ ಕಾಣಲಿಲ್ಲ.

“ಎಲ್ಲರದ್ದೂ ಆಯ್ತು,” ಎಂದ ನೋಕ್ ಸಿಂಗ್. “ದೋಲೂ, ನಿನ್ನದೆಲ್ಲಿ?”

ನಗು ನಿಂತಿತು.

“ಬೆಳಿಗ್ಗೆ ನಿನ್ನ ತಲೆ ಮೇಲಿತ್ತು. ನಾನೇ ನೋಡಿದ್ದೀನಿ. ಎಲ್ಲರಿಗಿಂತ ಚೆನ್ನಾಗಿರೋದು ನಿಂದೇ ಅಂತ ಯಾವಾಗ್ಲೂ ಜಂಬ ಕೊಚ್ತಿದ್ದೆಯಲ್ಲ. ಅದನ್ನೂ ಅದ್ದಿ ತೋರ್ಸು.”

ರೇಂಜರ್ ದೋಲೇ ರಾಮನ ಬರಿ ಟೋಪಿ ನೋಡಿದ. “ಎಲ್ಲಿ ಚಾಚಾ?”

ದಾರಿಯಲ್ಲಿ ಬಿದ್ದುಹೋಯಿತು ಎಂದು ದೋಲೇ ರಾಮ ಹೇಳಬಹುದಿತ್ತು. ಆದರೆ ಸುಳ್ಳು ಇಷ್ಟು ದಿನ ಹೆಂಡತಿಯ ಹಾಗೆ ಜೊತೆಗಿದ್ದದ್ದು ಬೇಕಾದ ಹೊತ್ತಿಗೆ ಬರಲಿಲ್ಲ.

“ಅದು ಸಿಗೋವರೆಗೂ ಇಲ್ಲಿಂದ ಯಾರೂ ಹೋಗೋ ಹಾಗಿಲ್ಲ,” ಎಂದ ಭಾಗ್ ಚಂದ್. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. “ಬಂಜಾರಿನಿಂದ ಹೆಂಗಸು ಗಾರ್ಡನ್ನ ಕರೆಸ್ತೀನಿ. ಒಬ್ಬೊಬ್ಬರನ್ನೂ ಹುಡುಕಿಸ್ತೀನಿ. ಲಗ್ನ ಮೀರಿದ್ರೆ ನಾನೇನೂ ಮಾಡೋಕಾಗಲ್ಲ.”

ಎಲ್ಲರ ಕಣ್ಣೂ ದೋಲೇ ರಾಮನ ಮೇಲೆ, ದೋಲೇ ರಾಮನ ಕಣ್ಣು ಮಾಘಿಯ ಮೇಲೆ. ಅವಳು ಎದೆಯ ಪಿನ್ನಿನ ಮೇಲೆ ಅಂಗೈ ಇಟ್ಟುಕೊಂಡು, ಬೇಡ ಎಂದು ತಲೆಯಾಡಿಸಿದಳು. ಅವಳ ಮೈಯನ್ನು ಊರೆದುರು ಯಾರೋ ತಡಕುವುದನ್ನು ನೆನೆಸಿಕೊಳ್ಳಲೂ ಅವನಿಂದಾಗಲಿಲ್ಲ. ಹುಡುಗ ಇನ್ನೂ ಮೆಟ್ಟಿಲ ಮೇಲೆಯೇ ನಿಂತಿದ್ದ.

“ಮಾಘೀ, ಕೊಟ್ಬಿಡು.”

“ಏನ್ ಕೊಡ್ಲಿ? ನನ್ ಹತ್ರ ಏನಿದೆ?”

“ಕೊಡೇ.”

“ಏನೂ ಇಲ್ಲ ಅಂದ್ನಲ್ಲ!” ಅವಳ ದನಿ ಒಡೆಯಿತು. “ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಹೇಳಿದ್ಯಲ್ಲ, ನನಗೋಸ್ಕರ ಇನ್ನೊಂದು ಹೇಳೋಕಾಗಲ್ವಾ ನಿಂಗೆ?”

ಅವನು ಕೈ ಚಾಚಿದ. ಮಾಘಿ ಆ ಕೈಗೆ ಕೊಡಲಿಲ್ಲ. ಪಿನ್ನು ಬಿಚ್ಚಿ, ಕಲ್ಗಿ ತೆಗೆದುಕೊಂಡು, ಗಂಡನನ್ನು ದಾಟಿ ತಾನೇ ಗಡಿಗೆಯ ಹತ್ತಿರ ಹೋದಳು. ಮೊಣಕೈವರೆಗೂ ಮುಳುಗಿಸಿದಳು. ಹೊರತೆಗೆದಾಗ ಆ ಪಾಚಿ ನೀರು ಗರಿಯ ಮೇಲೆ ನಿಲ್ಲದೆ ಮಣಿಮಣಿಯಾಗಿ ಉರುಳಿ ಬಿದ್ದುಹೋಯಿತು. ಬಿಸಿಲು ಬಿದ್ದದ್ದೇ ಎಸಳುಗಳು ಹಸಿರಾಗಿ, ನೀಲಿಯಾಗಿ, ಮತ್ತೆ ಹಸಿರಾಗಿ ಹೊಳೆದವು. ಹಲವರು ನಕಲಿ ಯಾವುದೆಂದು ತಿಳಿದ ಮೇಲೆ ಅಸಲಿ ಕಲ್ಗಿಯನ್ನು ನೋಡಿದ್ದು ಅದೇ ಮೊದಲು. ನೋಡಬಾರದ್ದನ್ನು ನೋಡಿದವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದರು.

“ಇದು ನನ್ನ ಮದುವೇದು ಸಾಬ್,” ಎಂದಳು ಮಾಘಿ. “ನನ್ನ ಕರ್ಕೊಂಡು ಬರೋಕೆ ಒಂದು ಜೀವ ತೆಗೆದು ಬಂದಿದ್ದ. ಆಗ ನಂಗೂ ಅದು ಹೆಮ್ಮೇನೇ ಆಗಿತ್ತು. ಬರ್ಕೊಳ್ಳಿ ಅದನ್ನೂ.”

ರೇಂಜರ್ ಬರೆದುಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಕಲ್ಗಿ ತೆಗೆದುಕೊಂಡು ಚೀಲಕ್ಕೆ ಹಾಕಿ ಮೊಹರು ಮಾಡಿಸಿದ. “ಬನ್ನಿ ಚಾಚಾ,” ಎಂದು ದೋಲೇ ರಾಮನ ಭುಜ ಮುಟ್ಟಿದ. ಖೇಮ್ ರಾಜನನ್ನು ಹಿಡಿದಿದ್ದ ಗಾರ್ಡು ಕೈ ಬಿಟ್ಟ.

ದೋಲೇ ರಾಮನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಕಿಟಕಿಯಿಂದ ಅವನಿಗೆ ಮೇಲಿನ ಅಂಗಳ ಕಾಣುತ್ತಿತ್ತು. ನೋಕ್ ಸಿಂಗ್ ಹೊಸ್ತಿಲ ಮೇಲೆ ಕುಕ್ಕರಿಸಿದ್ದ. ಬಾಜಾದವರು ಊದಬೇಕೋ ಬೇಡವೋ ತಿಳಿಯದೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಗಂಡಸರು ಒದ್ದೆ ಗರಿಗಳನ್ನು ಗೋಡೆಯಾಚೆ ಎಸೆಯತೊಡಗಿದ್ದರು. ಒಂದು ಕಲ್ಗಿ ಹಾರಿ ಬಂದು ಜೀಪಿನ ಮುಂದಿನ ಮಣ್ಣಿಗೆ ಬಿತ್ತು. ಅದನ್ನು ಕಟ್ಟಿದ ದಿನ ಹೊರಗೆ ಮೊಣಕಾಲುದ್ದ ಹಿಮವಿದ್ದದ್ದು ಅವನಿಗೆ ನೆನಪಾಯಿತು. ನನಗೆ ಇದೇ ಆಗಬೇಕು ಎಂದುಕೊಂಡ.

ಖೇಮ್ ರಾಜ್ ಗಡಿಗೆಯ ಪಕ್ಕದಲ್ಲಿ ಬಿದ್ದಿದ್ದ ತನ್ನ ಕಲ್ಗಿಯನ್ನು ಎತ್ತಿಕೊಂಡ. “ಎಸಿ ಅದನ್ನ!” ಎಂದು ಅಪ್ಪ ಅರಚಿದ. ಹುಡುಗ ನೀರು ಕೊಡವಿದ, ಟೋಪಿಗೆ ಸಿಕ್ಕಿಸಿದ, ಟೋಪಿಯನ್ನು ತಲೆಗಿಟ್ಟುಕೊಂಡ. ಹಸಿರು ಹನಿ ಹಣೆಯಿಂದ ಇಳಿದು ಬಿಳಿ ನಿಲುವಂಗಿಯ ಭುಜಕ್ಕೆ ತಾಕಿತು. ಹಾಗೇ ಮೆಟ್ಟಿಲಿಳಿದು ನೇರ ಜೀಪಿನ ಹತ್ತಿರ ಬಂದ. ಕಿಟಕಿಯೊಳಗೆ ತಲೆ ಬಗ್ಗಿಸಿದ.

“ದೊಡ್ಡಪ್ಪಾ, ಓರೆ ಆಗಿದೆ ಅನ್ಸುತ್ತೆ. ಸರಿ ಮಾಡ್ಕೊಡಿ.”

ದೋಲೇ ರಾಮ ಬೋಳು ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿ, ಬುಡ ಒತ್ತಿ ನೆಟ್ಟಗೆ ನಿಲ್ಲಿಸಿದ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣದಾಯಿತು, ಬೆರಳಿನ ಅಭ್ಯಾಸದಲ್ಲೇ ಮಾಡಿದ. ಪಕ್ಕದ ಗಾರ್ಡು ಮುದುಕನಿಗೆ ಜೈಲಿನ ಹೆದರಿಕೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟ. ದೋಲೇ ರಾಮನಿಗೆ ಜೈಲು ಆ ಹೊತ್ತಿನಲ್ಲಿ ನೆನಪೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಅವನ ಕೈಕೆಲಸವನ್ನು ಅದು ಏನೆಂದು ತಿಳಿದೂ ತಲೆಯ ಮೇಲಿಟ್ಟುಕೊಂಡವನು ಈ ಹುಡುಗನೊಬ್ಬನೇ.

ಢೋಲು ಶುರುವಾಯಿತು. ಊರಿಂದ ಕೆಳಗೆ ಇಳಿಯುವುದಕ್ಕೆ ಇರುವುದು ಒಂದೇ ರಸ್ತೆ. ದಿಬ್ಬಣ ಮುಂದೆ ನಡೆಯಿತು, ಜೀಪು ಹಿಂದೆ ಉಳಿಯಿತು. ಡ್ರೈವರ್ ಹಾರ್ನಿಗೆ ಕೈ ಹಾಕಿದಾಗ ಭಾಗ್ ಚಂದ್ ತಡೆದ. ಮಾಘಿ ಕಿಟಕಿಯ ಅಂಚು ಹಿಡಿದುಕೊಂಡು ಜೀಪಿನ ಪಕ್ಕದಲ್ಲೇ ನಡೆದಳು. ಸೇತುವೆಯ ತನಕ ಅವರೆಲ್ಲ ಮದುವೆಯ ಹಿಂದೆಯೇ ನಿಧಾನವಾಗಿ ಹೋದರು.